ನಲವತ್ತು ದಿನದ ಹಾಲು

೨೦ ಮೇ

ಪುಟ್ಟಿ,

ಅಣ್ಣನ ಆಶೀರ್ವಾದ. ನಾನು ಬೆಳಿಗ್ಗೆ ಆಡಿದ ಮಾತು ಸಂಜೆಗೆ ಉಳಿಯುವುದಿಲ್ಲ ಎಂದು ಹೇಳಿ ನೀನು ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ. ಅಪ್ಪ ಹೋದ ಮೇಲೆ ಕೊಟ್ಟಿಗೆ ಇಬ್ಬರ ಹೆಸರಿಗೂ ಬಂದಾಗಿನಿಂದ ಇದೇ ಹಟ. ಆಗಲಿ, ಇಗೋ ಕಾಗದದಲ್ಲೇ ಬರೆಯುತ್ತಿದ್ದೇನೆ. ಬೇಕಾದರೆ ಕಟ್ಟು ಹಾಕಿಸಿ ಇಟ್ಟುಕೋ.

ಈ ಹಾಳು ಕಾಯಿಲೆ ಬಂದು ಎಲ್ಲ ಮುಚ್ಚಿದ್ದು ನಿನಗೆ ಗೊತ್ತೇ ಇದೆ. ಹಾಲಿನ ಲಾರಿ ನಿಂತು ನಲವತ್ತು ದಿನವಾಯಿತು. ಹೋಟೆಲು, ಬೇಕರಿ ಒಂದೂ ತೆರೆದಿಲ್ಲ. ಆದರೆ ಹನ್ನೆರಡು ಹಸುಗಳಿಗೆ ಇದನ್ನೆಲ್ಲ ಯಾರು ಹೇಳಬೇಕು? ದಿನಕ್ಕೆ ಮೂರು ಕ್ಯಾನು ಹಾಲು ಕೊಡುತ್ತಲೇ ಇವೆ. ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ. ಆಳುಗಳೆಲ್ಲ ಹೆದರಿ ಓಡಿಹೋದರು. ಈಗ ಕೊಟ್ಟಿಗೆಗೆ ದೊಡ್ಡಮ್ಮ ಒಬ್ಬಳೇ. ಪಾಪ, ಆ ವಯಸ್ಸಿನಲ್ಲೂ ಎರಡು ಹೊತ್ತು ಕರೆಯುತ್ತಾಳೆ.

ಈಗ ಒಳ್ಳೆಯ ಸುದ್ದಿ ಕೇಳು. ಸರ್ಕಾರ ಪರಿಹಾರ ಕೊಡುತ್ತಿದೆ. ಮಾರಿದ ಹಾಲಿಗಿಲ್ಲ, ಪುಕ್ಕಟೆ ಕೊಟ್ಟ ಹಾಲಿಗಿಲ್ಲ, ಮನೆಯಲ್ಲಿ ಕುಡಿದ ಹಾಲಿಗೂ ಇಲ್ಲ. ನೆಲಕ್ಕೆ ಚೆಲ್ಲಿದ ಹಾಲಿಗೆ ಮಾತ್ರ. ಚೆಲ್ಲುವಾಗ ದಿನಕ್ಕೊಂದು ಫೋಟೊ ತೆಗೆದು ಅರ್ಜಿಗೆ ಹಚ್ಚಬೇಕು. ಮೊದಲ ದಿನವೇ ಇದರ ಸುಳಿವು ಸಿಕ್ಕಿದ್ದರಿಂದ ನಾನು ಒಂದು ದಿನವನ್ನೂ ತಪ್ಪಿಸಿಲ್ಲ. ದಿನಾ ಬೆಳಿಗ್ಗೆ ಕಾರಿನಲ್ಲಿ ಹೋಗಿ, ಗಾಜು ಏರಿಸಿಕೊಂಡೇ ಫೋಟೊ ತೆಗೆದುಕೊಂಡು ಬರುತ್ತೇನೆ. ದೊಡ್ಡಮ್ಮ ಹಿಂದಿನ ಕಾಲುವೆಗೆ ಸುರಿಯುತ್ತಾಳೆ. ಎಷ್ಟು ಅಚ್ಚುಕಟ್ಟು ಅಂತೀಯ! ನಲವತ್ತು ದಿನ ಸುರಿದರೂ ಒಂದು ನೊಣವಿಲ್ಲ, ಒಂದಿಷ್ಟು ವಾಸನೆಯಿಲ್ಲ.

ಇದರೊಡನೆ ಇಟ್ಟ ಅರ್ಜಿಯಲ್ಲಿ ಗುರುತು ಹಾಕಿದ ಎರಡು ಕಡೆ ನಿನ್ನ ಸಹಿ ಬೇಕು. ಅರ್ಧ ನಿನ್ನ ಖಾತೆಗೇ ಬರುತ್ತದೆ. ಅಣ್ಣ ಮೋಸ ಮಾಡಿದ ಎನ್ನಬಾರದಲ್ಲ. ನೋಡಲೆಂದು ಒಂದು ಫೋಟೊ ಕೂಡ ಇಟ್ಟಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಣ್ಣ

೨೯ ಮೇ

ಅಣ್ಣ,

ಸಹಿ ಹಾಕಿದ್ದೇನೆ. ಓದದೇ ಹಾಕಿದೆ. ಎಕ್ಸ್-ರೇ ಕೋಣೆಯಲ್ಲಿ, ಮುಂದಿನ ರೋಗಿಯನ್ನು ತಳ್ಳಿಕೊಂಡು ಬರುವಷ್ಟರಲ್ಲಿ, ಮೆಷಿನ್ನಿನ ಮೇಲೆಯೇ ಕಾಗದ ಇಟ್ಟು ಗೀಚಿದೆ. ಆಮೇಲೆ ಕೈ ತೊಳೆದುಕೊಂಡೆ. ಇಲ್ಲಿ ಏನು ಮುಟ್ಟಿದರೂ ಕೈ ತೊಳೆಯುತ್ತೇವೆ, ನೀನು ತಪ್ಪು ತಿಳಿಯಬೇಡ. ತಿಳಿದರೂ ಚಿಂತೆಯಿಲ್ಲ.

ಮನೆಗೆ ಬಂದು ಲಕೋಟೆಗೆ ಹಾಕುವಾಗ ‘ನಾಶಪಡಿಸಿದ ಪ್ರಮಾಣ’ ಎಂಬ ಸಾಲು ಕಣ್ಣಿಗೆ ಬಿತ್ತು. ಆಗ ಕೂತು ಪೂರ್ತಿ ಓದಿದೆ. ದಿನಕ್ಕೆ ತೊಂಬತ್ತು ಎದೆಗೂಡುಗಳ ಚಿತ್ರ ತೆಗೆಯುವವಳು ನಾನು. ಅದನ್ನೆಲ್ಲ ಸಹಿಸುತ್ತೇನೆ, ಇದನ್ನು ಸಹಿಸಲಾಗಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಮೂರು ವಾರದಿಂದ ರೋಗಿಗಳಿಗೆ ಹಾಲಿಲ್ಲದ ಟೀ. ಹಾಲಿನ ಪುಡಿಯೂ ಮುಗಿದಿದೆ. ಹಾಲನ್ನು ಕುಡಿದವನಿಗೆ ಏನೂ ಇಲ್ಲ, ಚೆಲ್ಲಿದವನಿಗೆ ದುಡ್ಡು! ಇದನ್ನು ಯೋಚಿಸಿದ ಮಹಾನುಭಾವ ಯಾವ ಕುರ್ಚಿಯ ಮೇಲೆ ಕೂತು ಯೋಚಿಸಿದನೋ. ಅವನ ಮುಂದೆ ಮೇಜಿನ ಮೇಲೆ ಹಾಲು ಹಾಕಿದ ಟೀ ಇತ್ತು, ಅದಂತೂ ಖಂಡಿತ.

ಒಂದು ಕೇಳುತ್ತೇನೆ. ನಾನು ಆರು ವರ್ಷದವಳಿದ್ದಾಗ ಒಂದು ಲೋಟ ಹಾಲು ಬೀಳಿಸಿದ್ದಕ್ಕೆ ದೊಡ್ಡಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ನೆನಪಿದೆಯಾ? ಹೆತ್ತ ಅಮ್ಮ ಬೈದರೂ ಅಳದವಳು ಅವತ್ತು ಅತ್ತಿದ್ದೆ. ರಕ್ತಸಂಬಂಧವಿಲ್ಲದಿದ್ದರೂ ನಮ್ಮಿಬ್ಬರನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಹೇಗೆ ಸುರಿಯುತ್ತಿದ್ದಾಳೆ? ಅಳುತ್ತಾಳಾ? ನೀನು ಗಾಜು ಏರಿಸಿಕೊಂಡಿರುತ್ತೀಯ, ನಿನಗೆ ಕೇಳಿಸಲಿಕ್ಕಿಲ್ಲ.

ಸುಸ್ತಾಗಿದೆ,
ಪುಟ್ಟಿ

೧೪ ಜುಲೈ

ಅಣ್ಣ,

ದುಡ್ಡು ಬಂತು. ಬೇಡ ಎನ್ನಲಿಲ್ಲ. ಹಳೆಯ ಫ್ರಿಜ್ಜು ರಾತ್ರಿಯಿಡೀ ಲಾರಿಯಂತೆ ಸದ್ದು ಮಾಡುತ್ತಿತ್ತು, ಹೊಸದನ್ನು ಕೊಂಡೆ. ನೀಲಿ ಬಣ್ಣ, ಎರಡು ಬಾಗಿಲು. ಅಷ್ಟು ಮೂಗು ಮುರಿದವಳು ಕೊನೆಗೆ ಕೈ ಚಾಚಿದಳು ಎಂದು ನಗಬೇಕೆನಿಸಿದರೆ ನಗು.

ಫ್ರಿಜ್ಜಿನ ರಸೀದಿ ಇಡಲು ಡ್ರಾಯರ್ ತೆಗೆದಾಗ ನೀನು ಕಳಿಸಿದ ಫೋಟೊ ಸಿಕ್ಕಿತು. ಚಿತ್ರ ನೋಡಿಯೇ ಹೊಟ್ಟೆ ಹೊರೆಯುವವಳು ನಾನು, ಒಂದು ಚಿತ್ರ ಕೈಗೆ ಬಂದರೆ ಬೆಳಕಿಗೆ ಹಿಡಿಯದೇ ಬಿಡಲಾರೆ. ದೊಡ್ಡಮ್ಮ ಕ್ಯಾನು ಬಗ್ಗಿಸಿದ್ದಾಳೆ. ಬೆಳ್ಳಗೆ ಧಾರೆ ಬೀಳುತ್ತಿದೆ. ಅವಳ ಕಾಲಿನಿಂದ ಎರಡು ಮಾರು ದೂರದಲ್ಲಿ ನಮ್ಮ ‘ಮಂತ್ರಿ’ ಕಾಲು ಚಾಚಿ ಮಲಗಿದ್ದಾನೆ. ಕಣ್ಣು ಕೂಡ ಬಿಟ್ಟಿಲ್ಲ.

ಅಣ್ಣ, ಆ ಬೆಕ್ಕಿಗೆ ಮಂತ್ರಿ ಎಂದು ಹೆಸರಿಟ್ಟದ್ದೇ ಅವನು ಹಾಲಿನ ಪಾಲು ಬಿಡುವವನಲ್ಲ ಎಂದು. ಕ್ಯಾನಿನ ಮುಚ್ಚಳ ಸರಿದ ಸದ್ದಾದರೆ ಸಾಕು, ಅಟ್ಟದ ಮೇಲಿಂದ ಧುಮುಕುತ್ತಿದ್ದ. ಅಂಥವನ ಮೂಗಿನ ಕೆಳಗೆ ಮೂರು ಕ್ಯಾನು ಹಾಲು ಹರಿಯುತ್ತಿದೆ, ಅವನಿಗೆ ನಿದ್ದೆ! ಆಮೇಲೆ ಕಾಲುವೆಯ ಕಲ್ಲು ನೋಡಿದೆ. ಹಾಲು ಒಣಗಿದರೆ ಹಳದಿ ಪೊರೆ ಕಟ್ಟುತ್ತದೆ, ನೊಣ ಮುತ್ತುತ್ತದೆ, ಮೂರನೇ ದಿನಕ್ಕೆ ಹತ್ತಿರ ನಿಲ್ಲಲಾಗದಷ್ಟು ನಾರುತ್ತದೆ. ಫೋಟೊದಲ್ಲಿ ಆ ಕಲ್ಲು ಹೊಸದಾಗಿ ಬಳಿದ ಗೋಡೆಯ ಹಾಗೆ ಬೆಳ್ಳಗಿದೆ. ಅದು ಹಾಲಲ್ಲ, ಸುಣ್ಣದ ನೀರು.

ಭೇಷ್! ಸುಣ್ಣದ ನೀರು ಚೆಲ್ಲಿ ಸರ್ಕಾರಕ್ಕೆ ಟೋಪಿ, ಹಾಲನ್ನು ಹಿಂಬಾಗಿಲಿನಿಂದ ಮಾರಿ ಜೇಬಿಗೆ ಇನ್ನೊಂದಿಷ್ಟು. ಆ ಮುದಿಜೀವವನ್ನು ಬೇರೆ ಇದಕ್ಕೆ ನಿಲ್ಲಿಸಿದ್ದೀಯ. ನೀನು ಜಿಪುಣ ಎಂದು ಗೊತ್ತಿತ್ತು, ಇಷ್ಟು ಹೊಲಸು ಎಂದು ಗೊತ್ತಿರಲಿಲ್ಲ. ಕಾರಿನೊಳಗಿಂದಲೇ ಇಷ್ಟೆಲ್ಲ ಹೇಗೆ ಮಾಡಿದೆ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಫ್ರಿಜ್ಜಿನ ಒಡತಿ,
ಪುಟ್ಟಿ

೨ ಆಗಸ್ಟ್

ಪುಟ್ಟಿ,

ನಿನ್ನ ಪತ್ರ ಓದಿದೆ. ದೇವರಾಣೆಗೂ ನನಗೆ ಏನೂ ಗೊತ್ತಿರಲಿಲ್ಲ. ನಾನು ಹಾಲೇ ಎಂದುಕೊಂಡಿದ್ದೆ. ನಾನೇನು ಕೆಳಗಿಳಿದು ನೆಕ್ಕಿ ನೋಡಬೇಕಿತ್ತೇ?

ಪತ್ರ ಹಿಡಿದುಕೊಂಡು ನೇರ ಕೊಟ್ಟಿಗೆಗೆ ಹೋದೆ. ಮುದುಕಿ ಕೂತು ಕರೆಯುತ್ತಿದ್ದಳು. ಏಳಲಿಲ್ಲ. ನಡೆದ ಮಾತು ಹಾಗೇ ಬರೆಯುತ್ತೇನೆ, ಆಮೇಲೆ ನಾನು ಬದಲಾಯಿಸಿದೆ ಎನ್ನಬೇಡ.

“ನಲವತ್ತು ದಿನದ ಹಾಲು ಎಲ್ಲಿ ಹೋಯ್ತು?” ಅಂದೆ.

“ಹೊಟ್ಟೆಗೆ ಹೋಯ್ತಪ್ಪ. ಹಾಲು ಇನ್ನೆಲ್ಲಿಗೆ ಹೋಗತ್ತೆ?”

“ಯಾರ ಹೊಟ್ಟೆಗೆ?”

“ಶಾಲೇಲಿ ಕೂಡಿಹಾಕಿದ್ರಲ್ಲ ಕೂಲಿಯವರನ್ನ, ಊರಿಗೆ ಹೋಗೋಕೆ ಬಿಡದೆ. ನೂರೈವತ್ತು ಜನ. ಎಳೆಮಕ್ಕಳೂ ಇದ್ವು. ಕೈಗಾಡೀಲಿ ತಳ್ಕೊಂಡು ಹೋಗಿ ಅಡುಗೆಯವನಿಗೆ ಕೊಡ್ತಿದ್ದೆ. ಅವ್ನು ಕಾಯ್ಸಿ ಕೊಡ್ತಿದ್ದ.”

“ಯಾರನ್ನ ಕೇಳಿ ಕೊಟ್ಟೆ?”

“ಚೆಲ್ಲು ಅಂತ ಹೇಳೋ ಮುಂಚೆ ನೀನು ಯಾರನ್ನ ಕೇಳಿದ್ದೆ?”

ನನ್ನ ಮುಖಕ್ಕೇ ಹೀಗೆ ಹೇಳುತ್ತಾಳೆ! ಬೆಳಗಿನ ಜಾವ ಹಾಲು ಸಾಗಿಸುವುದು, ನಾನು ಬರುವ ಹೊತ್ತಿಗೆ ಕ್ಯಾನಿಗೆ ಗೋಡೆಯ ಸುಣ್ಣ ಕಲಸಿ ಇಟ್ಟುಕೊಳ್ಳುವುದು. ನಲವತ್ತು ದಿನ ನನ್ನ ಕಣ್ಣಿಗೆ ಮಣ್ಣೆರಚಿದಳು. ಅವತ್ತೇ ಕೆಲಸ ಬಿಡಿಸಿದೆ. ಹೋಗುವಾಗ ಬೆಕ್ಕನ್ನೂ ಎತ್ತಿಕೊಂಡು ಹೋದಳು, ಹೋಗಲಿ ಎಂದು ಬಿಟ್ಟೆ. ಪರಿಹಾರದ ದುಡ್ಡಿನಲ್ಲಿ ಹಾಲು ಕರೆಯುವ ಯಂತ್ರ ಬಂದಿದೆ. ಅದು ಎದುರು ಮಾತಾಡುವುದಿಲ್ಲ.

ನಿನ್ನ ಬೈಗುಳವನ್ನು ಮನಸ್ಸಿಗೆ ಹಾಕಿಕೊಂಡಿಲ್ಲ. ನಿಜ ಹೇಳಬೇಕೆಂದರೆ ನಿನ್ನ ಕಣ್ಣೇ ನಮ್ಮನ್ನು ಉಳಿಸಿತು. ಇದು ಮೂರನೆಯವರ ಕಿವಿಗೆ ಬೀಳದಿರಲಿ.

ಎಂದಿನಂತೆ,
ಅಣ್ಣ

೧೦ ಆಗಸ್ಟ್

ಅಣ್ಣ,

‘ನಿನ್ನ ಕಣ್ಣೇ ನಮ್ಮನ್ನು ಉಳಿಸಿತು.’ ಈ ಸಾಲನ್ನು ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಬಾಯಿ ಕಹಿಯಾಯಿತು.

ನಾನು ನಿನ್ನನ್ನು ಚುಚ್ಚಲು ಬರೆದೆ. ಕಳ್ಳ ನೀನೇ ಎಂದು ನಂಬಿ, ಎಷ್ಟು ಚುರುಕು ನಾನು ಎಂದು ಬೀಗುತ್ತಾ ಬರೆದೆ. ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಒಂದು ಲೋಟ ಹಾಲಿಗೆ ಎರಡು ದಿನ ಮಾತು ಬಿಟ್ಟವಳು ನಲವತ್ತು ದಿನ ಸುರಿಯುವವಳೇ? ನಾನೇ ಮೇ ತಿಂಗಳಲ್ಲಿ ಬರೆದಿದ್ದೆ, ನಾನೇ ಮರೆತೆ. ಅವಳ ಕೆಲಸ ಕಳೆದದ್ದು ನಾನು, ನೀನಲ್ಲ. ನೀನು ಬರೀ ಬಾಗಿಲು ತೋರಿಸಿದೆ.

ಅವಳನ್ನು ವಾಪಸು ಕರೆಸು. ಪರಿಹಾರದ ದುಡ್ಡನ್ನು ಹಿಂದಿರುಗಿಸೋಣ. ನನ್ನ ಪಾಲನ್ನು ನಾನು ಹೊಂದಿಸುತ್ತೇನೆ, ಫ್ರಿಜ್ಜು ಮಾರುತ್ತೇನೆ. ಅದರಲ್ಲಿ ಹಾಲಿಡುವುದಕ್ಕೇ ಆಗುತ್ತಿಲ್ಲ ನನಗೆ. ಬಾಗಿಲು ತೆಗೆದಾಗಲೆಲ್ಲ ಆ ಒಳಗಿನ ದೀಪ ಹೊತ್ತಿಕೊಂಡು ಯಾರೋ ನನ್ನನ್ನು ನೋಡಿದಂತಾಗುತ್ತದೆ.

ಇನ್ನೊಂದು ಮಾತು. ಮೇ ತಿಂಗಳ ಪತ್ರದಲ್ಲಿ ಅವಳು ‘ದೊಡ್ಡಮ್ಮ’, ಈ ಪತ್ರದಲ್ಲಿ ‘ಮುದುಕಿ’. ಅಷ್ಟು ಬೇಗ ಹೇಗೆ ಬಾಯಿ ಬಂತು?

ಉತ್ತರ ಬೇಗ ಬರೆ,
ಪುಟ್ಟಿ

೬ ಸೆಪ್ಟೆಂಬರ್

ಪುಟ್ಟಿ,

ದುಡ್ಡು ಹಿಂದಿರುಗಿಸುವ ಹುಚ್ಚು ಮಾತಿಗೆ ಉತ್ತರ ಬರೆಯುವುದು ಬೇಡವೆಂದು ಸುಮ್ಮನಿದ್ದೆ. ಈಗ ಬರೆಯಲೇಬೇಕಾಗಿದೆ.

ಶಾಲೆಯ ಆ ಅಡುಗೆಯವನು ಇದ್ದಾನಲ್ಲ, ಅವನು ಮುದುಕಿಯ ಕೆಲಸ ಹೋದ ಸುದ್ದಿ ಕೇಳಿ ಪರಿಹಾರದ ಕಚೇರಿಗೆ ಹೋಗಿದ್ದಾನೆ. ದೂರು ಕೊಡಲು ಅಲ್ಲ, ಹೊಗಳಲು! ‘ಇಂಥ ಪುಣ್ಯಾತ್ಗಿತ್ತಿ, ನಲವತ್ತು ದಿನ ನಮಗೆಲ್ಲ ಹಾಲು ಕೊಟ್ಟಳು, ಸರ್ಕಾರದಿಂದ ಇವಳಿಗೆ ಏನಾದರೂ ಸಹಾಯ ಮಾಡಿ’ ಎಂದು ಅರ್ಜಿ ಬರೆದುಕೊಟ್ಟಿದ್ದಾನೆ. ಕಚೇರಿಯವರು ಅರ್ಜಿ ಓದಿದರು, ನಮ್ಮ ಫೈಲು ತೆಗೆದರು, ಎರಡನ್ನೂ ಪಕ್ಕಪಕ್ಕ ಇಟ್ಟರು. ಮೂರನೇ ದಿನಕ್ಕೆ ಅಧಿಕಾರಿ ಕೊಟ್ಟಿಗೆಗೆ ಬಂದು ಕಾಲುವೆಯ ಕಲ್ಲನ್ನು ಉಗುರಿನಿಂದ ಕೆರೆದು ನೋಡಿದ.

ನಾನು ತಲೆ ಕೆಡಿಸಿಕೊಂಡಿಲ್ಲ. ವಕೀಲರನ್ನು ಕಂಡು ಬಂದೆ. ಚೆಲ್ಲಲು ಹೇಳಿದ ಹಾಲನ್ನು ಕೆಲಸದ ಹೆಂಗಸು ಮಾಲೀಕರಿಗೆ ತಿಳಿಯದಂತೆ ಸಾಗಿಸಿದ್ದರೆ ಅದು ಕಳ್ಳತನ. ಆಗ ನಾವು ಸುಳ್ಳು ಅರ್ಜಿ ಕೊಟ್ಟವರಲ್ಲ, ಮೋಸ ಹೋದವರು. ಕಳ್ಳತನದ ದೂರು ಟೈಪು ಮಾಡಿಸಿ ಇದರೊಡನೆ ಇಟ್ಟಿದ್ದೇನೆ. ಮಾಲೀಕರಿಬ್ಬರೂ ಸಹಿ ಹಾಕಿದರೆ ಬಲ ಹೆಚ್ಚಂತೆ.

ಅವಳಿಗೇನೂ ಆಗುವುದಿಲ್ಲ. ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಸಹಿ ಹಾಕದಿದ್ದರೆ ನಾವಿಬ್ಬರೂ ಸಿಕ್ಕಿಬೀಳುತ್ತೇವೆ. ನಿನ್ನದು ಸರ್ಕಾರಿ ನೌಕರಿ ಬೇರೆ. ಯೋಚಿಸು.

ಅಣ್ಣ

೧೫ ಸೆಪ್ಟೆಂಬರ್

ಪರಿಹಾರ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಕೊಟ್ಟಿಗೆಯ ಅರ್ಧ ಪಾಲಿನ ಒಡೆತನ ನನ್ನದು. ನಲವತ್ತು ದಿನಗಳ ಹಾಲು ಚೆಲ್ಲಲಾಯಿತು ಎಂಬ ಅರ್ಜಿಗೆ ನಾನೂ ಸಹಿ ಮಾಡಿದ್ದೇನೆ. ಅದು ನಿಜವಲ್ಲ. ಹಾಲನ್ನು ಶಾಲೆಯಲ್ಲಿ ಇರಿಸಿದ್ದವರಿಗೆ ಕೊಡಲಾಯಿತು. ನನ್ನ ಅಪ್ಪಣೆಯಂತೆಯೇ ನಮ್ಮ ಕೆಲಸದವರು ಅದನ್ನು ಅಲ್ಲಿಗೆ ಮುಟ್ಟಿಸಿದರು. ಆದ್ದರಿಂದ ಅವರ ಮೇಲೆ ಕಳ್ಳತನದ ಆರೋಪ ನಿಲ್ಲುವುದಿಲ್ಲ. ತಪ್ಪು ನನ್ನದು. ನನ್ನ ಪಾಲಿಗೆ ಬಂದ ಹಣವನ್ನು ಹಿಂದಿರುಗಿಸಿದ್ದೇನೆ, ರಸೀದಿ ಲಗತ್ತಿಸಿದೆ.

ಇಂತು ತಮ್ಮ ವಿಶ್ವಾಸಿ,
ಅರ್ಧ ಪಾಲಿನ ಒಡತಿ

೧೬ ಸೆಪ್ಟೆಂಬರ್

ದೊಡ್ಡಮ್ಮ,

ಇದನ್ನು ಅಡುಗೆಯವರು ನಿನಗೆ ಓದಿ ಹೇಳಲಿ ಎಂದು ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನನ್ನಿಂದ ನಿನಗೆ ಆಗಬಾರದ್ದು ಆಯಿತು. ಫೋಟೊದಲ್ಲಿ ಮಂತ್ರಿ ಮಲಗಿದ್ದನ್ನು ಕಂಡು ಅಣ್ಣನಿಗೆ ಬರೆದವಳು ನಾನೇ. ನಿನ್ನ ಮುಖ ನೋಡುವ ಧೈರ್ಯವಿಲ್ಲ.

ಆದರೆ ಇನ್ನು ಹೆದರಬೇಡ. ಅಣ್ಣನ ದೂರಿಗೆ ನಾನು ಸಹಿ ಹಾಕಲಿಲ್ಲ, ಹರಿದು ಹಾಕಿದೆ. ಕಚೇರಿಗೆ ನಾನೇ ಪತ್ರ ಬರೆದಿದ್ದೇನೆ, ಅದರ ನಕಲು ಇಲ್ಲಿದೆ. ಎಲ್ಲವನ್ನೂ ನನ್ನ ಮೇಲೆ ಹಾಕಿಕೊಂಡಿದ್ದೇನೆ. ಫ್ರಿಜ್ಜು ಮಾರಿದೆ. ನಾಲ್ಕು ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೊಲಸು ಇವತ್ತು ಇಳಿದ ಹಾಗಾಗಿದೆ. ನೌಕರಿ ಹೋದರೂ ಹೋಗಲಿ. ಯಾರಾದರೂ ಕೇಳಿದರೆ ‘ಪುಟ್ಟಿ ಹೇಳಿದಳು, ನಾನು ಮಾಡಿದೆ’ ಅಂದುಬಿಡು, ಸಾಕು.

ನೀನು ಎತ್ತಿ ಆಡಿಸಿದ,
ಪುಟ್ಟಿ

೨೫ ಸೆಪ್ಟೆಂಬರ್

ಒಡಹುಟ್ಟಿದವಳು ಹೀಗೆ ಬೆನ್ನಿಗೆ ಇರಿಯುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಯಂತ್ರವನ್ನು ನಿನ್ನೆ ಬಂದು ಜಪ್ತಿ ಮಾಡಿಕೊಂಡು ಹೋದರು. ಕರೆಯುವವರಿಲ್ಲ, ಹಸುಗಳು ರಾತ್ರಿಯಿಂದ ಅರಚುತ್ತಿವೆ. ನಾನು ಹೋಗಿ ಕೂತೆ, ಒದ್ದವು. ನನಗೆ ಕರೆಯಲು ಬರುವುದಿಲ್ಲ ಎಂದು ನಿನಗೆ ಗೊತ್ತು. ಕಳ್ಳತನದ ದೂರನ್ನು ಇನ್ನೊಮ್ಮೆ ಟೈಪು ಮಾಡಿಸಿ ನಾನೊಬ್ಬನೇ ಸಹಿ ಮಾಡಿ ಕೊಟ್ಟಿದ್ದೇನೆ. ಇನ್ನು ಮೇಲೆ ಪತ್ರ ಬರೆಯಬೇಡ.

೪ ಅಕ್ಟೋಬರ್

(ಅಡುಗೆಯವನ ಕೈಯಿಂದ. ಅಜ್ಜಿ ಹೇಳಿದಂತೆ ಬರೆಯುತ್ತಿದ್ದೇನೆ, ನನ್ನದು ಒಂದು ಮಾತೂ ಸೇರಿಸಿಲ್ಲ.)

ಪುಟ್ಟಿ,

ನಿನ್ನ ಕಾಗ್ದ ಬಂತು. ಎರಡು ಸಲ ಓದಿಸ್ದೆ. ಮೊದಲ ಸಲ ನಂಬಿಕೆ ಬರ್ಲಿಲ್ಲ.

ಬೆಕ್ಕಿನ ವಿಷಯ ಬರ್ದಿದ್ದಕ್ಕೆ ನಂಗೇನು ಕೋಪ ಇಲ್ಲ. ನೀನು ಚಿಕ್ಕೋಳಿದ್ದಾಗಿನಿಂದ್ಲೂ ಅಷ್ಟೇ, ಕಂಡಿದ್ದು ಬಾಯಲ್ಲಿ ನಿಲ್ಲಲ್ಲ. ಮಂತ್ರಿನ ನಾನೇ ದಿನಾ ಓಡಿಸ್ತಿದ್ದೆ, ಅವತ್ತು ಮರ್ತೆ. ತಪ್ಪು ನಂದೂ ಇದೆ. ಈಗ ನನ್ನ ಹತ್ರಾನೇ ಇದ್ದಾನೆ, ಶಾಲೆ ಅಡುಗೆಮನೇಲಿ.

ಆದ್ರೆ ಇನ್ನೊಂದು ಕಾಗ್ದ ಕಳ್ಸಿದ್ದೀಯಲ್ಲ, ಕಚೇರಿಗೆ ಬರ್ದಿದ್ದು, ಅದು ನಂಗೆ ಸೇರ್ಲಿಲ್ಲ. ‘ನನ್ನ ಅಪ್ಪಣೆಯಂತೆ’ ಅಂತ ಬರ್ದಿದ್ದೀಯ. ಯಾವಾಗ ಅಪ್ಪಣೆ ಕೊಟ್ಟೆ ನೀನು? ಬೆಳಗಿನ ಜಾವದ ಕತ್ತಲಲ್ಲಿ ಗಾಡಿ ತಳ್ಳೋವಾಗ ನೀನು ಎಲ್ಲಿದ್ದೆ? ಸುಣ್ಣ ಕಲಸಿ ಕಲಸಿ ಬೆರಳು ಒಡ್ದಿದ್ದು ಯಾರದ್ದು? ಮೊದಲ ದಿನ ಆ ಮಕ್ಕಳು ಹಾಲು ನೋಡಿ ಕೈ ಚಾಚ್ಲಿಲ್ಲ, ಅಷ್ಟು ಹೆದ್ರಿದ್ವು. ನಾನು ಕುಡ್ದು ತೋರಿಸ್ಬೇಕಾಯ್ತು. ಅದು ನಿನ್ನ ಅಪ್ಪಣೇಲಿ ಇತ್ತಾ?

ನಿಮ್ಮಣ್ಣ ನಾನು ಕದ್ದೆ ಅಂತಾನೆ. ನೀನು, ನಾನು ಹೇಳ್ದೆ ಅವಳು ಮಾಡಿದ್ಲು ಅಂತೀಯ. ಇಬ್ಬರಲ್ಲಿ ಒಬ್ರ ಬಾಯಲ್ಲೂ ಅವಳು ಕೊಟ್ಳು ಅನ್ನೋ ಮಾತು ಬರ್ಲಿಲ್ಲ. ದುಡ್ಡು ನಿಮ್ಮದು, ಹಸು ನಿಮ್ಮದು, ಯಂತ್ರ ನಿಮ್ಮದು. ಅದೊಂದೇ ನಂದು ಅಂತ ಇತ್ತು ಪುಟ್ಟಿ. ಅದನ್ನೂ ನೀನು ನಿನ್ನ ಹೆಸರಿಗೆ ಬರ್ಕೊಂಡೆ. ನಿಂಗೆ ಗಂಟಲು ಹಗುರಾಯ್ತು ಅಂತ ಬರ್ದಿದ್ದೀಯ. ನಂಗೆ ಅಸಹ್ಯ ಆಯ್ತು.

ಯಂತ್ರ ಜಪ್ತಿ ಮಾಡಿದ ಮಾರನೇ ದಿನ ನಾನೇ ಕಚೇರಿಗೆ ಹೋಗಿದ್ದೆ. ಆ ಸಾಹೇಬ ನಿನ್ನ ಕಾಗ್ದ ತೋರ್ಸಿ, “ಅಜ್ಜಿ, ಹೂಂ ಅಂದ್ಬಿಡಿ, ನೀವು ಬಚಾವು” ಅಂದ. ಒಳ್ಳೆಯವನೇ. ನಾನು “ಅದು ಸುಳ್ಳು, ನಾನು ಯಾರನ್ನೂ ಕೇಳ್ಲಿಲ್ಲ, ಕರ್ದಿದ್ದು ನಾನು, ಕೊಟ್ಟಿದ್ದು ನಾನು, ಹಾಗೇ ಬರ್ಕೋ” ಅಂದೆ. ಆಮೇಲೆ ಬರ್ಕೊಂಡ. ಹೆಬ್ಬೆಟ್ಟು ಒತ್ತಿ ಬಂದೆ. ಜೈಲಾದ್ರೂ ಆಗ್ಬೋದು ಅಂದ. ಆಗ್ಲಿ.

ದಾರೀಲಿ ಬರ್ತಾ ಕೊಟ್ಟಿಗೆ ಹತ್ರ ಹಸು ಕೂಗೋದು ಕೇಳಿಸ್ತು. ಒಳಗೆ ಹೋಗಿ ಹನ್ನೆರಡನ್ನೂ ಕರ್ದು ಕ್ಯಾನು ಮುಚ್ಚಿಟ್ಟು ಬಂದೆ. ನಿಮ್ಮಣ್ಣ ಬಾಗಿಲಲ್ಲೇ ನಿಂತಿದ್ದ. ಅದನ್ನೂ ಕಳ್ಳತನಕ್ಕೆ ಸೇರಿಸ್ಕೊಳ್ಳಿ ಅಂತ ಹೇಳ್ಬಂದೆ.

ಹನ್ನೆರಡನೇ ತಾರೀಕು ವಿಚಾರಣೆಗೆ ಕರ್ದಿದ್ದಾರೆ. ನೀನು ಬಂದ್ರೆ ಬಾ. ಬೇಡ ಅನ್ನಲ್ಲ, ಸಾಕಿದ ಮಗು ನೀನು. ಆದ್ರೆ ಅಪ್ಪಣೆ ಗಿಪ್ಪಣೆ ಅಂತ ಬಾಯಿ ತೆಗೀಬೇಡ. ಆ ಫೋಟೊ ತಗೊಂಡು ಬಂದು, ನೀನು ಏನು ನೋಡಿದ್ಯೋ ಅಷ್ಟು ಹೇಳು. ಬೆಕ್ಕು ಮಲಗಿತ್ತು ಅಂತ ಹೇಳು. ಉಳಿದಿದ್ದು ನಾನು ಹೇಳ್ಕೋತೀನಿ.

ದೊಡ್ಡಮ್ಮ
(ಹೆಬ್ಬೆಟ್ಟಿನ ಗುರುತು)